ಕೊಳಗ ಯಾರ ಕೈಲಿತ್ತು? ದೇವಕಿ ಜೈನ್ ಮತ್ತು ನಮ್ಮ ಕೇರಿ ಹೆಂಗಸರ ಲೆಕ್ಕ



"ಬಿಟ್ಟಿ ಭಾಗ್ಯ ತಿಂದು ಹೆಂಗಸ್ರು ಸೋಮಾರಿ ಆಗ್ಬಿಟ್ರು, ಕೆಲ್ಸಕ್ಕೆ ಆಳೇ ಸಿಗಲ್ಲ." ತೊಗರ್ಸಿ, ಶಿರಾಳಕೊಪ್ಪ, ಆನವಟ್ಟಿ ಕಡೆ ಯಾವ ಚಾ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳ್ತದೆ. ಬಿಟ್ಟಿ ಅನ್ನೋ ಪದದ ಅರ್ಥ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣ ಗುಡಿಸಿದ್ದು, ಕೊಟ್ಟಿಗೆ ಬಳಿದದ್ದು, ಹಬ್ಬದ ಹಿಂದಿನ ದಿನ ಊರೊಳಗಿನ ಕಸ ಹೊತ್ತದ್ದು, ಎಲ್ಲಾ ಬಿಟ್ಟಿ ಚಾಕರಿಯೇ. ಆದ್ರೆ ಈ ಮಾತಿಗೆ ಉತ್ತರ ಕೊಡೋಕೆ ಸಿಟ್ಟು ಸಾಲದು, ಲೆಕ್ಕ ಬೇಕು. ಅಂಥ ಲೆಕ್ಕ ಹಿಡಿಯೋಕೆ ಹೊರಟ ಒಬ್ಬ ಅರ್ಥಶಾಸ್ತ್ರಜ್ಞೆ ಬಗ್ಗೆ ಬರೀತಿದ್ದೀನಿ. ಉದ್ದ ಇದೆ, ಪೂರ್ತಿ ಓದಿ.

ದೇವಕಿ ಜೈನ್ ಹುಟ್ಟಿದ್ದು 1933ರಲ್ಲಿ, ಮೈಸೂರಿನಲ್ಲಿ. ತಂದೆ ಎಂ.ಎ. ಶ್ರೀನಿವಾಸನ್ ಮೈಸೂರು ಸಂಸ್ಥಾನದಲ್ಲಿ ಮಂತ್ರಿ, ಆಮೇಲೆ ಗ್ವಾಲಿಯರ್‌ನ ದಿವಾನರು. ಅಯ್ಯಂಗಾರ್ ಮನೆತನ. ಓದಿದ್ದು ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು, ಆಮೇಲೆ ಆಕ್ಸ್‌ಫರ್ಡ್. ದೆಹಲಿಯ ಮಿರಾಂಡಾ ಹೌಸ್ ಕಾಲೇಜಿನಲ್ಲಿ 1969ರವರೆಗೆ ಅರ್ಥಶಾಸ್ತ್ರ ಪಾಠ ಮಾಡಿದರು. ಮನೆಯವರಿಗೆ ಬೇಡದಿದ್ದರೂ ಜಾತಿ ಬಿಟ್ಟು ಗಾಂಧಿವಾದಿ ಲಕ್ಷ್ಮೀಚಂದ್ ಜೈನ್ ಅವರನ್ನು ಮದುವೆಯಾದರು. ದಿವಾನರ ಮಗಳ ಕಥೆ ನಮಗ್ಯಾಕಣ್ಣ ಅಂತ ಕೇಳೋರು ಇದ್ದೇ ಇರ್ತೀರಿ. ಕಮೆಂಟ್ ಹಾಕೋಕೆ ಮುಂಚೆ ಸ್ವಲ್ಪ ತಡೀರಿ.

ಐವತ್ತರ ದಶಕದಲ್ಲಿ ಅವರು ವಿನೋಬಾ ಅವರ ಭೂದಾನದ ಪಾದಯಾತ್ರೆಯಲ್ಲಿ ಹಳ್ಳಿಗಳಲ್ಲಿ ನಡೆದವರು. ಭೂದಾನ ಶುರುವಾದದ್ದು 1951ರ ಏಪ್ರಿಲ್‌ನಲ್ಲಿ, ತೆಲಂಗಾಣದ ಪೋಚಂಪಲ್ಲಿಯಲ್ಲಿ. ಅದೇ ತಿಂಗಳು ನಮ್ಮ ಸೊರಬದ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಿದ್ದರು. ಅಲ್ಲಿ ಭೂಮಿ ಇದ್ದವರ ಮನಸ್ಸು ಕರಗಲಿ ಅಂತ ಕೈ ಮುಗಿದದ್ದು, ಇಲ್ಲಿ ಉಳುವವರೇ ಗದ್ದೆಗೆ ಇಳಿದದ್ದು. ನನ್ನ ಮನಸ್ಸು ಯಾವ ಕಡೆ ಅಂತ ಬೇರೆ ಹೇಳಬೇಕಾಗಿಲ್ಲ.

ಆದ್ರೆ ಕಾಗೋಡು ನೆನಪಾದದ್ದು ಬೇರೆ ಕಾರಣಕ್ಕೆ. ಆ ಜಗಳದ ಒಳಗೆ ಒಂದು ಪಾತ್ರೆ ಇತ್ತು. ಅದು ಕೊಳಗ. ಗೇಣಿ ಭತ್ತ ಅಳೆಯೋಕೆ ಭೂಮಾಲೀಕರು ಇಟ್ಟುಕೊಂಡ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಸರ್ಕಾರಿ ಕೊಳಗದಲ್ಲೇ ಅಳೀರಿ ಅಂತ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ದೀವರ ಗೇಣಿದಾರರು ಎದ್ದು ನಿಂತರು. ಲೋಹಿಯಾ ಬಂದು ಇಲ್ಲೇ ಅರೆಸ್ಟ್ ಆದರು. ಅಳೆಯೋ ಪಾತ್ರೆ ಯಾರ ಕೈಯಲ್ಲಿದೆಯೋ ಬೆಳೆ ಅವರ ಪಾಲು ಅನ್ನೋದು ಮಲೆನಾಡಿನ ರೈತನಿಗೆ ಅರ್ಥ ಆಗಿತ್ತು.

ದೇವಕಿ ಜೈನ್ ಕೈ ಹಾಕಿದ್ದು ಇನ್ನೊಂದು ಕೊಳಗಕ್ಕೆ. ಜನಗಣತಿಯವನು ಮನೆ ಬಾಗಿಲಿಗೆ ಬರ್ತಾನೆ. ಗಂಡಸಿನ ಹತ್ರ ಕೇಳ್ತಾನೆ, "ನಿಮ್ಮ ಹೆಂಡ್ತಿ ಏನ್ ಕೆಲ್ಸ ಮಾಡ್ತಾರೆ?" ಉತ್ತರ: "ಏನಿಲ್ಲ ಸಾರ್, ಮನೇಲಿರ್ತಾಳೆ." ಬರ್ಕೊಂಡ, ಹೋದ. ಆ ಹೊತ್ತಿಗೆ ಅವಳು ಕೇರಿಯಿಂದ ಎರಡು ಮೈಲಿ ದೂರದ ಗದ್ದೆಯಲ್ಲಿ ಮಂಡಿವರೆಗೆ ಕೆಸರಲ್ಲಿರ್ತಾಳೆ!

1975 ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಮಹಿಳಾ ವರ್ಷ. ಆ ವರ್ಷ ದೇವಕಿ ಜೈನ್ ಸಂಪಾದಿಸಿದ 'ಇಂಡಿಯನ್ ವಿಮೆನ್' ಪುಸ್ತಕವನ್ನು ಕೇಂದ್ರ ಸರ್ಕಾರದ ಪ್ರಕಾಶನ ವಿಭಾಗ ತಂದಿತು. ನಂತರ ಎಪ್ಪತ್ತರ ದಶಕದ ಎರಡನೇ ಅರ್ಧದಲ್ಲಿ ಅವರು ಮಾಲಿನಿ ಚಂದ್ ಜೊತೆ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. "ನೀವು ಕೆಲಸ ಮಾಡ್ತೀರಾ" ಅಂತ ಕೇಳೋದನ್ನ ಬಿಟ್ಟು, ಬೆಳಗ್ಗೆ ಎದ್ದಾಗಿಂದ ಮಲಗೋವರೆಗೆ ಯಾರು ಎಷ್ಟು ಹೊತ್ತು ಏನು ಮಾಡಿದರು ಅಂತ ಬರೆದುಕೊಂಡರು. ಗಂಡಸು, ಹೆಂಗಸು, ಮಕ್ಕಳು, ಎಲ್ಲರದ್ದೂ. ಆಗ ಸರ್ಕಾರಿ ಪಟ್ಟಿಯಲ್ಲಿ "ಕೆಲಸ ಇಲ್ಲದವರು" ಆಗಿದ್ದ ಹೆಂಗಸರು ಬಡಿಯೋದು, ತೂರೋದು, ಕಳೆ ಕೀಳೋದು, ದನ ನೋಡೋದು, ಕೂಲಿಗೆ ಹೋಗೋದು, ಎಲ್ಲಾ ಹೊರಗೆ ಬಂತು. ಭೂಮಿ ಇಲ್ಲದ ಮನೆಗಳಲ್ಲಂತೂ ಒಲೆ ಉರೀತಿದ್ದದ್ದೇ ಹೆಂಗಸರ ದುಡಿಮೆಯಿಂದ.

ನನ್ನ ಪ್ರಕಾರ ಅವರ ಇಡೀ ಬದುಕಿನ ದೊಡ್ಡ ಕೆಲಸ ಇದೇ. ಉಳಿದದ್ದು ಬೇಗ ಹೇಳಿಬಿಡ್ತೀನಿ. ದೆಹಲಿಯಲ್ಲಿ ಸಮಾಜ ಅಧ್ಯಯನ ಸಂಸ್ಥೆ ಕಟ್ಟಿದರು, ಐಎಸ್‌ಎಸ್‌ಟಿ ಅಂತಾರೆ. ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಹೆಂಗಸರ ಪಾಡೇನು ಅಂತ ಆ ಸಂಸ್ಥೆ ನರೇಗಾಕ್ಕಿಂತ ಎಷ್ಟೋ ವರ್ಷ ಮೊದಲೇ ಅಧ್ಯಯನ ಮಾಡಿತ್ತು. 1980ರಲ್ಲಿ ಸೇವಾ, ಲಿಜ್ಜತ್ ಪಾಪಡ್, ಮಣಿಪುರದ ಹೆಂಡ ವಿರೋಧಿ ಹೆಂಗಸರ ಬಗ್ಗೆಯೆಲ್ಲ ಇರುವ ಪುಸ್ತಕ ಬಂತು. 1984ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಬಡ ದೇಶಗಳ ಹೆಣ್ಣುಮಕ್ಕಳನ್ನು ಸೇರಿಸಿ ಸಭೆ ಮಾಡಿದರು. ಅಲ್ಲಿಂದ ಹುಟ್ಟಿದ್ದು 'ಡಾನ್' ಅನ್ನೋ ಜಾಲ. ಅಭಿವೃದ್ಧಿ ಅನ್ನೋ ಬಸ್ಸಿಗೆ ಹೆಂಗಸರನ್ನೂ ಹತ್ತಿಸಿಕೊಳ್ಳಿ ಅಂತ ಬೇಡೋದಲ್ಲ, ಆ ಬಸ್ಸು ಎಲ್ಲಿಗೆ ಹೋಗ್ತಿದೆ ಅಂತಲೇ ಕೇಳೋದು ಇವರ ವಾದ. ಮರುವರ್ಷ ನೈರೋಬಿಯ ಮಹಿಳಾ ಸಮ್ಮೇಳನದಲ್ಲಿ ಆ ವಾದ ಇಟ್ಟರು. ಆಮೇಲೆ ತಾಂಜಾನಿಯಾದ ಜೂಲಿಯಸ್ ನೈರೇರೆ ಅಧ್ಯಕ್ಷರಾಗಿದ್ದ ಸೌತ್ ಕಮಿಷನ್‌ನಲ್ಲಿ ಸದಸ್ಯೆ. 2006ರಲ್ಲಿ ಪದ್ಮಭೂಷಣ. 2020ರಲ್ಲಿ ಬಂದ ಆತ್ಮಕಥೆಯಲ್ಲಿ ದೊಡ್ಡ ಮನುಷ್ಯರಿಂದ ತನಗಾದ ಲೈಂಗಿಕ ಕಿರುಕುಳವನ್ನೂ ಮುಚ್ಚಿಡದೆ ಬರೆದರು.

ಲೆಕ್ಕ ಬದಲಾದರೆ ಏನಾಗ್ತದೆ? 1991ರ ಜನಗಣತಿಯಲ್ಲಿ ಸಂಬಳ ಇಲ್ಲದೆ ಸ್ವಂತ ಹೊಲದಲ್ಲಿ ಮಾಡಿದ ದುಡಿಮೆಯನ್ನೂ ಸೇರಿಸಿ ಕೇಳುವ ಹಾಗೆ ಪ್ರಶ್ನೆಯನ್ನೇ ತಿದ್ದಿದರು. ಎಷ್ಟೋ ಮಹಿಳಾ ಸಂಘಟನೆಗಳು, ಅಧ್ಯಯನಗಳು ಒತ್ತಿ ಒತ್ತಿ ಆದದ್ದು ಅದು. ಪಂಚಾಯ್ತಿಯಲ್ಲೂ ಹಾಗೇ. 1987ರಲ್ಲಿ ನಜೀರ್ ಸಾಬರ ಕಾಲದ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಹೆಂಗಸರಿಗೆ 25% ಮೀಸಲಾತಿ ಬಂದಾಗ "ಸಹಿ ಹಾಕೋದು ಗಂಡಂದಿರೇ" ಅಂತ ನಕ್ಕವರು ಬಹಳ. ಪಂಚಾಯ್ತಿಗೆ ಬಂದ ಹೆಂಗಸರು ಆಡಳಿತವನ್ನೇ ಬದಲಾಯಿಸ್ತಿದ್ದಾರೆ ಅಂತ ದೇವಕಿ ಜೈನ್ 1996ರಲ್ಲಿ ಬರೆದರು.

ಈಗ ನನ್ನ ತಕರಾರಿಗೆ ಬರ್ತೀನಿ.

ಅವರ ಬರಹದಲ್ಲಿ ನಾನು ಕಂಡದ್ದು "ಬಡ ಹೆಣ್ಣು". ಆ ಬಡ ಹೆಣ್ಣಿಗೆ ಕೇರಿ ಇಲ್ಲ. ಗಂಟೆ ಲೆಕ್ಕ ಹಾಕುವಾಗ ಕಸ ಗುಡಿಸೋದು ಅಂದ್ರೆ ಕಸ ಗುಡಿಸೋದು, ಅಷ್ಟೇ. ತನ್ನ ಮನೆ ಅಂಗಳ ಗುಡಿಸೋ ಹೆಂಗಸು, ಒಳಗೆ ಕಾಲಿಡೋಕೆ ಬಿಡದ ಮನೆಯ ಅಂಗಳ ಗುಡಿಸೋ ಹೆಂಗಸು, ಇಬ್ಬರ ಅರ್ಧ ಗಂಟೆಯೂ ಒಂದೇ ಕಾಲಮ್ಮಿಗೆ ಬೀಳ್ತದೆ. ಬಾಬಾಸಾಹೇಬರು ಅರ್ಥಶಾಸ್ತ್ರ ಓದಿದವರೇ ಅಲ್ವಾ? ಜಾತಿ ಬರೀ ಕೆಲಸವನ್ನು ಹಂಚಲ್ಲ, ಕೆಲಸ ಮಾಡುವ ಜನರನ್ನೇ ಒಡೆದು ಮೇಲೆ ಕೆಳಗೆ ಕೂರಿಸ್ತದೆ ಅಂತ 1936ರಲ್ಲೇ ಹೇಳಿದ್ದರು. ಅದಕ್ಕೂ ಮೊದಲು, 1916ರಲ್ಲಿ, ಹೆಣ್ಣನ್ನು ಹಿಡಿದಿಟ್ಟುಕೊಳ್ಳದೆ ಜಾತಿ ಉಳಿಯಲ್ಲ ಅಂತ ತೋರಿಸಿದ್ದರು. ಸ್ತ್ರೀವಾದಿ ಅರ್ಥಶಾಸ್ತ್ರದ ಪಾಠದಲ್ಲಿ ಅವರನ್ನು ಎಷ್ಟು ಜನ ಓದಿಸ್ತಾರೆ?

ನಮ್ಮ ಸೀಮೆ ನೋಡಿ. ಶರಣೆ ಸತ್ಯಕ್ಕ ಶಿಕಾರಿಪುರ ತಾಲೂಕಿನ ಜಂಬೂರಿನವಳು ಅಂತ ಹೇಳ್ತಾರೆ. ಅಂಗಳ ಗುಡಿಸೋದೇ ಅವಳ ಕಾಯಕ. ಹನ್ನೆರಡನೇ ಶತಮಾನದಲ್ಲಿ ಕಾಯಕ ಅನಿಸಿಕೊಂಡದ್ದು ಇಪ್ಪತ್ತನೇ ಶತಮಾನದ ಸರ್ಕಾರಿ ಪಟ್ಟಿಯಲ್ಲಿ ಕೆಲಸವೇ ಅಲ್ಲ! 1974ರ ಭೂಸುಧಾರಣೆಯಲ್ಲಿ ಅರಸು ಸರ್ಕಾರ ಉಳುವವನಿಗೆ ಭೂಮಿ ಕೊಟ್ಟಿತು, ಒಳ್ಳೇದಾಯ್ತು. ಆದ್ರೆ ಅರ್ಜಿ ಹಾಕೋಕೆ ಗೇಣಿದಾರ ಆಗಿರಬೇಕಿತ್ತು. ನಮ್ಮಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಕೂಲಿಗಳು. ಗದ್ದೆಯಲ್ಲಿ ಸಸಿ ಕಿತ್ತು, ನೆಟ್ಟು, ಕೊಯ್ದ ಕೈಗಳು ಕಾನೂನಿನ ಕಣ್ಣಿಗೆ ಉಳುವ ಕೈಗಳಾಗಲಿಲ್ಲ. ಕಾಗೋಡಿನಲ್ಲಿ ಸರಿಯಾದ ಕೊಳಗದೊಳಗೂ ಕೂಲಿ ಹೆಂಗಸಿನ ಪಾಲು ಇರಲಿಲ್ಲ.

ಸೊರಬ ಅಂದ ತಕ್ಷಣ ಹೊರಗಿನ ಹೋರಾಟಗಾರರಿಗೆ ನೆನಪಾಗೋದು ಚಂದ್ರಗುತ್ತಿ, 1986ರ ಬೆತ್ತಲೆ ಸೇವೆ. ಅದನ್ನ ತಡೆಯೋಕೆ ಹೋಗಿ ದಲಿತ ಸಂಘರ್ಷ ಸಮಿತಿಯವರು ಏಟು ತಿಂದದ್ದು ದೊಡ್ಡ ಇತಿಹಾಸ, ಮರೆಯಬಾರದು. ಆದ್ರೆ ಇಲ್ಲೊಂದು ಸಂಕಟ ಇದೆ. ನಮ್ಮ ಹೆಣ್ಣುಮಕ್ಕಳು ಇತಿಹಾಸದಲ್ಲಿ ಸುದ್ದಿಯಾದದ್ದು ಮೈಯಿಂದ. ಅಡಿಕೆ ಸುಗ್ಗೀಲಿ ರಾತ್ರಿ ಹನ್ನೊಂದರವರೆಗೆ ಕೂತು ಬೆರಳು ಕಪ್ಪಾಗೋವರೆಗೆ ಸುಲಿಯೋದು, ಶುಂಠಿ ಕೀಳೋದು, ಮೆಕ್ಕೆಜೋಳದ ತೆನೆ ಮುರಿಯೋದು, ಇದನ್ನೆಲ್ಲ ಯಾರು ಬರೆದರು?

ಈಗ ಬಿಟ್ಟಿ ಭಾಗ್ಯದ ಲೆಕ್ಕ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾಳೆ, ಗಂಡಸು 88 ನಿಮಿಷ. ಇದು ದೇಶದ ಸರಾಸರಿ, ಮನೆಗೆಲಸ ಮಾಡುವವರದ್ದು ಮಾತ್ರ. ಮಕ್ಕಳು ಮುದುಕರನ್ನ ನೋಡ್ಕೊಳ್ಳೋದು ಬೇರೆ. 289 ನಿಮಿಷ ಅಂದ್ರೆ ತಿಂಗಳಿಗೆ 144 ಗಂಟೆ ದಾಟ್ತದೆ. ಗೃಹಲಕ್ಷ್ಮಿಯ 2000 ರೂಪಾಯಿಯನ್ನ ಅದಕ್ಕೆ ಭಾಗಿಸಿ. ಗಂಟೆಗೆ 14 ರೂಪಾಯಿನೂ ಬೀಳಲ್ಲ. ಕರ್ನಾಟಕದಲ್ಲಿ 2024-25ರ ನರೇಗಾ ಕೂಲಿ ದಿನಕ್ಕೆ 349, ಎಂಟು ಗಂಟೆಗೆ ಹಂಚಿದರೂ ಗಂಟೆಗೆ 43 ರೂಪಾಯಿ ಮೇಲೆ. ಯಾರು ಯಾರಿಗೆ ಬಿಟ್ಟಿ ಕೊಡ್ತಿದ್ದಾರೆ, ಚಾ ಅಂಗಡಿ ಗೆಳೆಯರೇ ಹೇಳಲಿ.

ಆಳು ಸಿಗಲ್ಲ ಅನ್ನೋ ದೂರಿನ ಒಳಗೂ ಒಂದು ವಿಷಯ ಇದೆ. ಸಿಗಲ್ಲ ಅಂದ್ರೆ ಹಳೇ ಕೂಲಿಗೆ ಸಿಗಲ್ಲ. ಒಂದೇ ಗದ್ದೆ, ಒಂದೇ ಬಿಸಿಲು, ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಮ್ಮಿ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಕೈಯಲ್ಲಿ ನಾಲ್ಕು ಕಾಸಿದ್ದರೆ ನಮ್ಮ ಅಕ್ಕಂದಿರು "ಆ ರೇಟಿಗೆ ಬರಲ್ಲ" ಅಂತ ಹೇಳಬಹುದು. ಉರಿ ಇರೋದು ಅಲ್ಲಿ.

ಅದಕ್ಕೇ ದೇವಕಿ ಜೈನ್ ಅವರ ವಿಧಾನ ನಮಗೆ ಬೇಕು, ಆದ್ರೆ ಕಾಲಮ್ಮುಗಳು ನಮ್ಮವಾಗಿರಬೇಕು. ಬರೋ ನಾಟಿ ಹೊತ್ತಿಗೆ ತೊಗರ್ಸಿ ಸುತ್ತಿನ ಕೇರಿಗಳಲ್ಲಿ ಕಾಲೇಜು ಓದುವ ನಮ್ಮ ಹುಡುಗಿಯರೇ ನೋಟ್‌ಬುಕ್ ಹಿಡಿದು ತಮ್ಮ ಅವ್ವಂದಿರ ಒಂದು ವಾರದ ಕೆಲಸ ಬರೆಯಬೇಕು ಅಂತ ಮಾತಾಡಿಕೊಂಡಿದ್ದೀವಿ. ಎಷ್ಟು ಹೊತ್ತು, ಯಾರ ಗದ್ದೆ, ಗಂಡಾಳಿಗೆಷ್ಟು ಹೆಣ್ಣಾಳಿಗೆಷ್ಟು, ಊಟ ಎಲ್ಲಿ ಕೂರಿಸಿ ಹಾಕಿದರು, ನೀರು ಯಾವ ಲೋಟದಲ್ಲಿ ಕೊಟ್ಟರು. ಸೊರಬ ಕಡೆಯವರು ಸೇರೋದಾದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಬೇರೆ ಯಾವ ಕಾಲಮ್ಮು ಇರಬೇಕು ಅಂತ ಕೆಳಗೆ ಬರೀರಿ, ಹೆಣ್ಣುಮಕ್ಕಳು ಮೊದಲು.