ದೈತ್ಯ ಬಿದ್ದ ದಿನ

ಊರ ಕುಸ್ತಿಯಲ್ಲಿ ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ನಾವು ಟಿವಿಯಲ್ಲಿ ಬಾಯಿಬಿಟ್ಟು ನೋಡಿದ ರೆಸ್ಲಿಂಗ್‌ನಲ್ಲಿ ಅದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾದರೆ ಅದೆಲ್ಲ ಬರೀ ಸುಳ್ಳೇ?

1987ರ ಮಾರ್ಚ್ 29. ಅಮೆರಿಕದ ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿ ಮೂರನೇ ರೆಸಲ್‌ಮೇನಿಯಾ. ಸೇರಿದ ಜನ 93,173 ಎಂದು ಆಯೋಜಕರು ಸಾರಿದರು. ಅಷ್ಟಿರಲಿಲ್ಲ ಎನ್ನುವವರೂ ಇದ್ದಾರೆ. ಕೊನೆಯ ಪಂದ್ಯ ಹಲ್ಕ್ ಹೋಗನ್ ಮತ್ತು ಆಂಡ್ರೆ ದಿ ಜೈಂಟ್ ನಡುವೆ. ಆಂಡ್ರೆ 15 ವರ್ಷ ಸೋತೇ ಇಲ್ಲ ಎಂದು ಪ್ರಚಾರ. ಅದೂ ಕಥೆಯೇ, ಹಿಂದೆಯೂ ಸೋತಿದ್ದರು.

ನೋವು ಮಾತ್ರ ಕಥೆಯಲ್ಲ. ಫ್ರಾನ್ಸಿನ ರೈತ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಮೈ ಬೆಳೆಯುತ್ತಲೇ ಹೋಗುವ ಹಾರ್ಮೋನ್ ಕಾಯಿಲೆ ಇತ್ತು. ಬೆನ್ನಿಗೆ ಆಪರೇಷನ್ ಆಗಿತ್ತು. ಉಡುಪಿನೊಳಗೆ ಬೆನ್ನಪಟ್ಟಿ ಕಟ್ಟಿಕೊಂಡೇ ರಿಂಗಿಗೆ ಬಂದರು. 200 ಕಿಲೋ ಮೀರಿದ ಆ ಮೈಯನ್ನು ಹೋಗನ್ ಎತ್ತಿ ಕೆಡವಿದಾಗ ಜನ ಹುಚ್ಚೆದ್ದು ಕೂಗಿದರು. ಆಂಡ್ರೆ ಒಪ್ಪದಿದ್ದರೆ ಅವರನ್ನು ಎತ್ತುವುದು ಆಗದ ಮಾತು.

1993ರ ಜನವರಿಯಲ್ಲಿ ತಂದೆಯ ಅಂತ್ಯಕ್ರಿಯೆಗೆಂದು ಫ್ರಾನ್ಸಿಗೆ ಹೋದ ಆಂಡ್ರೆ, ಪ್ಯಾರಿಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 46. ಆ ಪಂದ್ಯವನ್ನು ಈಗ ಮೊಬೈಲಿನಲ್ಲಿ ನೋಡಿದರೆ ನಮ್ಮ ಕಣ್ಣು ಗೆದ್ದವರ ಮೇಲೆ ನಿಲ್ಲುವುದಿಲ್ಲ. ನೋವು ನುಂಗಿಕೊಂಡು ಸೋತುಕೊಟ್ಟ ಆ ದೊಡ್ಡ ಮನುಷ್ಯನ ಮೇಲೆಯೇ ನಿಲ್ಲುತ್ತದೆ.