ಬೆಳಗಾವಿ ದಂಡಿನ ಬೆನ್ನಿಗೆ ಬಂದ ಪಾದ್ರಿ ಟೇಲರ್: ಮೂರು ತಲೆಮಾರಿನ ಕಥೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹುಡುಗರು ಸೇನಾ ಭರ್ತಿಗೆ ಅಂತ ಬೆಳಗಾವಿಗೆ ಹೋಗೋದು ಹೊಸದೇನಲ್ಲ. ಅಲ್ಲಿನ ಕೋಟೆ 1818ರಲ್ಲಿ ಪೇಶ್ವೆಯವರ ಕಡೆಯಿಂದ ಇಂಗ್ಲಿಷರ ಕೈಗೆ ಹೋಯಿತು. ಎರಡೇ ವರ್ಷಕ್ಕೆ, 1820ರಲ್ಲಿ, ದಂಡಿನ ಮುಖ್ಯಸ್ಥ ಜನರಲ್ ಪ್ರಿಟ್ಜ್ಲರ್ ಅವರ ಬೆಂಬಲದಿಂದ ಬಳ್ಳಾರಿಯಿಂದ ಇಲ್ಲಿಗೆ ಬಂದವರು ಪ್ರೊಟೆಸ್ಟಂಟ್ ಪಾದ್ರಿ ಜೋಸೆಫ್ ಟೇಲರ್.

ಈಗ ನಮ್ಮ ಸೈನ್ಯದಲ್ಲಿ ಪಂಡಿತ, ಮೌಲ್ವಿ, ಗ್ರಂಥಿಗಳ ಹಾಗೆ ಪಾದ್ರಿಗೂ ನಾಯಬ್ ಸುಬೇದಾರ್ ದರ್ಜೆಯ ಹುದ್ದೆ ಇದೆ. ಟೇಲರ್ ಮಾತ್ರ ಸೈನ್ಯದ ನೌಕರರಲ್ಲ, ಲಂಡನ್ ಮಿಷನ್ನಿನವರು. ಮುಂದೆ ಅವರಿಗೆ ವಿಲಿಯಂ ಬೆನನ್ ಜೊತೆಯಾದರು. ಬೆಳಗಾವಿಯ ಬೆನನ್ ಸ್ಮಿತ್ ಹೈಸ್ಕೂಲಿನ ಹೆಸರಲ್ಲಿರೋ ಬೆನನ್ ಇವರೇ.

ಟೇಲರ್ ಮಗ ಜೋಸೆಫ್ ವಾನ್ ಸೋಮರೆನ್ ಹುಟ್ಟಿದ್ದು 1820ರಲ್ಲಿ, ಬಳ್ಳಾರಿಯಲ್ಲಿ. ಗುಜರಾತಿಗೆ ಪಾದ್ರಿಯಾಗಿ ಹೋಗಿ 1867ರಲ್ಲಿ ಗುಜರಾತಿ ವ್ಯಾಕರಣ ತಂದರು. ಮೊಮ್ಮಗನೂ ಪಾದ್ರಿಯೇ. ಅಹಮದಾಬಾದಿನಲ್ಲಿದ್ದು ಗುಜರಾತ್ ಸುಲ್ತಾನರ ಹಳೇ ನಾಣ್ಯಗಳ ಅಭ್ಯಾಸ ಮಾಡಿದವರು. ಅವರ ಹೆಸರು ಜಾರ್ಜ್ ಪ್ರಿಚರ್ಡ್ ಟೇಲರ್.

ಅಜ್ಜನಿಗೆ ಬೆಳಗಾವಿಯಲ್ಲಿ ಆಸರೆಯಾದ ಜನರಲ್ ಯಾರು ಅಂತ ಇಲ್ಲಿನ ಜನಕ್ಕೆ ಮರೆತೇ ಹೋಗಿದೆ.