ಮಂಗಳೂರಿನ ಅಳಿವೆ ಬಾಗಿಲು

ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಉಳ್ಳಾಲದ ಕೋಟೆಪುರಕ್ಕೂ ಬೆಂಗ್ರೆಗೂ ನಡುವೆ ಒಂದಾಗಿ ಅರಬ್ಬಿ ಸಮುದ್ರ ಸೇರುತ್ತವೆ. ಮಂಗಳೂರಿನ ಹಳೇ ಬಂದರು ಈ ಅಳಿವೆಯ ಒಳಗಿದೆ. ಬಂದರಿಗೆ ಆಸರೆಯಾದದ್ದೂ ಅದನ್ನು ದೊಡ್ಡದಾಗಗೊಡದೆ ಹಿಡಿದಿಟ್ಟದ್ದೂ ಇದೇ ಅಳಿವೆ. ಹೊಳೆ ತಂದ ಮರಳನ್ನು ಅಲೆ ಹಿಂದಕ್ಕೆ ನೂಕಿ ಬಾಗಿಲಿಗೆ ಅಡ್ಡಲಾಗಿ ಹೂಳಿನ ದಿಬ್ಬ ಕಟ್ಟುತ್ತದೆ. ಮಳೆಗಾಲದಲ್ಲಿ ಹೊಳೆಯ ಸೆಳೆತ ಹೊರಕ್ಕೆ, ನೈಋತ್ಯದ ಅಲೆಗಳ ಹೊಡೆತ ಒಳಕ್ಕೆ. ಎರಡೂ ದಿಬ್ಬದ ಮೇಲೆ ಎದುರಾದಾಗ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಅದಕ್ಕೆ ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ಆಳ ಸಮುದ್ರದಿಂದ ಕ್ಷೇಮವಾಗಿ ಮರಳಿದವರೂ ದಡ ಕಣ್ಣೆದುರಿರುವಾಗಲೇ ಇಲ್ಲಿ ಜೀವ ಕಳೆದುಕೊಂಡದ್ದುಂಟು. ಚಂಡಮಾರುತಕ್ಕೆ ಸಿಗುವ ಗಮನ ಅಳಿವೆಗೂ ಸಿಗಬೇಕಿತ್ತು.

19ನೇ ಶತಮಾನದಲ್ಲಿ ಕಾಫಿ, ಹಂಚುಗಳ ವ್ಯಾಪಾರ ಬೆಳೆದಾಗಲೂ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕುತ್ತಿದ್ದವು. ಸರಕು ಮಚವೆ ಎಂಬ ದೋಣಿಗಳಲ್ಲಿ ಅಳಿವೆ ದಾಟಿ ಹೋಗಬೇಕಿತ್ತು. ಮಳೆ ಹಿಡಿದರೆ ಆ ಸಾಗಾಟವೂ ನಿಲ್ಲುತ್ತಿತ್ತು. ಮೀನುಗಾರರೂ ಮಳೆಯ ಅಬ್ಬರ ತಗ್ಗುವುದನ್ನು ಕಾಯುತ್ತಿದ್ದರು. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಮೀನುಗಾರ ಸಮುದಾಯದ ಮೊಗವೀರರು ಕಡಲಿಗೆ ಹಾಲು, ಹೂ, ತೆಂಗಿನಕಾಯಿ ಅರ್ಪಿಸಿ ಹೊಸ ಋತು ಆರಂಭಿಸುವ ಪದ್ಧತಿಯಲ್ಲಿ ಭಕ್ತಿಯ ಜೊತೆಗೆ ಹವಾಮಾನದ ತಿಳಿವಳಿಕೆಯೂ ಇದೆ. ಈಗಿನ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳನ್ನು ದಡದಲ್ಲಿ ನಿಲ್ಲಿಸುತ್ತದೆ. ನಾಡದೋಣಿಯವರು ಮಾತ್ರ ಆ ತಿಂಗಳುಗಳಲ್ಲೂ ಕಡಲಿಗಿಳಿಯುತ್ತಾರೆ.

ನೆರೆಯ ನೀರು ಹೊರಹೋಗಬೇಕಾದದ್ದೂ ಇದೇ ಬಾಗಿಲಿನಿಂದ. 1923ರ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಮುಳುಗಿದವು. ತುಳುವರ ನೆನಪಿನಲ್ಲಿ ಅದು ‘ಮಾರಿಬೊಳ್ಳ’. 1974ರಲ್ಲಿ ಮತ್ತೊಮ್ಮೆ ದೊಡ್ಡ ನೆರೆ ಬಂತು.

ಅದೇ 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ನೆಲ ಅಗೆದು ಕಟ್ಟಿದ ಈ ಬಂದರಿನಿಂದ ದೊಡ್ಡ ಹಡಗುಗಳಿಗೆ ಅಳಿವೆಯ ಹಂಗು ತಪ್ಪಿತು, ಮೀನುಗಾರರಿಗೆ ತಪ್ಪಲಿಲ್ಲ. 1990ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಕಲ್ಲಿನ ತಡೆಗೋಡೆಗಳು ಬಂದವು. ಆಮೇಲೆ ಬೆಂಗ್ರೆ ಕಡೆ ಮರಳು ತುಂಬಿತು, ಉಳ್ಳಾಲದ ಕಡೆ ಕಡಲ್ಕೊರೆತ ಹೆಚ್ಚಿತು. ದೋಣಿಗಳ ದಾರಿ ಕಾಪಾಡಲು ಕಟ್ಟಿದ್ದರ ಬೆಲೆಯನ್ನು ದಡದ ಮನೆಗಳು, ತೆಂಗಿನ ತೋಟಗಳು ತೆತ್ತವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಉಳ್ಳಾಲದೆದುರು ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಿದ್ದು ಈ ಕೊರೆತವನ್ನು ತಡೆಯಲೆಂದೇ. ಉಳ್ಳಾಲದ ದಕ್ಷಿಣಕ್ಕಿರುವ ಸೋಮೇಶ್ವರ, ಉಚ್ಚಿಲಗಳಲ್ಲಿ ಮಳೆಗಾಲದ ಕೊರೆತ ಇನ್ನೂ ನಿಂತಿಲ್ಲ.